ಬೇಳೆಯೊಳಗಿನ ಹರಳು

ಬೇಳೆಯಲ್ಲಿದ್ದ ಕೊನೆಯ ಹರಳನ್ನು ಮಾಯಾ ಬಟ್ಟಲಿಗೆ ಹಾಕಿದಳು. ನೌಬಾದದ ಮನೆಯಲ್ಲಿ ಆಗ ಬೆಳಗಿನ ಆರು ಗಂಟೆ. ಅಶ್ವಜಿತ ಅಡುಗೆಮನೆಯಲ್ಲಿ ತಂಗಿಯ ಬೆರಳುಗಳನ್ನೇ ನೋಡುತ್ತ ನಿಂತಿದ್ದ. ಇಪ್ಪತ್ಮೂರು ವರ್ಷವಾದರೂ ಅವಳಿಗೆ ಎಣಿಸಲು ಬರುತ್ತಿರಲಿಲ್ಲ, ಬಸ್ಸಿನ ಬೋರ್ಡು ಓದಲು ಬರುತ್ತಿರಲಿಲ್ಲ. ತೊಗರಿಬೇಳೆಯಲ್ಲಿ ಮಾತ್ರ ಒಂದು ಹರಳೂ ಅವಳ ಕಣ್ಣು ತಪ್ಪಿಸುತ್ತಿರಲಿಲ್ಲ.

ತಾಯಿ ಸುಭದ್ರಾಬಾಯಿ ಬುತ್ತಿ ಕಟ್ಟಿಕೊಟ್ಟಳು. "ಮಿಲ್ಲಿನ್ಯಾಗ ಅಕಿ ಬಾಜೂಕ ಕುಂದರು. ಬಿಟ್ಟು ಏಳಬ್ಯಾಡ."

ಅಶ್ವಜಿತ ಹ್ಞೂಂ ಎಂದ. ಔರಾದದ ಕಾಲೇಜಿನಲ್ಲಿ ಅವನು ಸಮಾಜಶಾಸ್ತ್ರ ಕಲಿಸುತ್ತಿದ್ದ. ಅಂಗವಿಕಲರ ದುಡಿಮೆಯ ಹಕ್ಕಿನ ಬಗ್ಗೆ ಹೋದ ವಾರವಷ್ಟೇ ನಲವತ್ತು ನಿಮಿಷ ಪಾಠ ಮಾಡಿದ್ದ. ಗಂಟಲು ಒಣಗಿತ್ತು. ಬೇರೇನೂ ಆಗಿರಲಿಲ್ಲ.

ಭಾಲ್ಕಿಯ ಬೇಳೆ ಮಿಲ್ಲಿನ ಮಾಲೀಕ ಹಾವಗೆಪ್ಪ ಮಾಯಾಳ ಬಗ್ಗೆ ಅವನೊಡನೆ ಮಾತಾಡಿದ, ಅವಳು ಅಲ್ಲಿ ಇಲ್ಲವೇನೋ ಎಂಬಂತೆ.

"ಇವತ್ತೊಂದು ದಿನ ನೋಡೋಣ್ರಿ ಸರ. ಹೊಂದಿದ್ರ ಕೆಲಸ ಕಾಯಂ. ರೂಢಿ ಆಗೋತನ ಯಾರರ ಬಾಜೂಕ ಇರಬೇಕು ನೋಡ್ರಿ."

"ನಾನೇ ಇರ್ತೇನ್ರಿ."

ಬೇಳೆ ಹಸನು ಮಾಡುವ ಒಂಬತ್ತು ಹೆಂಗಸರ ಸಾಲಿನಲ್ಲಿ ಅಣ್ಣ ತಂಗಿ ಕುಳಿತರು. ಹಸನಾದದ್ದು ನಡುವಿನ ರಾಶಿಗೆ, ಹರಳು ಬಕೀಟಿಗೆ. ಮಾಯಾಳ ತಾಟೇ ಎಲ್ಲರಿಗಿಂತ ಮೊದಲು ಮುಗಿಯಿತು.

"ಪೋರಿ ಕೈ ಭಾರಿ ಚುರುಕ ಅದಾವ," ಎಂದಳು ಸಾಲಿನ ಹಿರಿಯಳು ರುಕ್ಮಿಣಿಬಾಯಿ. ಆಮೇಲೆ ಅವನತ್ತ ತಿರುಗಿ, "ಸರ, ನಿಮ್ಮ ಕೈಗೂ ಒಂದು ಡಜನ್ ಬಳಿ ತರಸ್ಲೇನ್ರಿ?"

ಸಾಲೆಲ್ಲ ನಕ್ಕಿತು. ಮಾಯಾಳೂ ನಕ್ಕಳು. ಅಶ್ವಜಿತ ಪ್ಯಾಂಟು ಕೊಡವಿಕೊಂಡು ಎದ್ದ. ಒಂದು ಚಹಾ, ಐದೇ ನಿಮಿಷ ಎಂದುಕೊಂಡ.

ಎದುರಿನ ಹೋಟೆಲಿನಲ್ಲಿ ಎರಡು ತಾಸು ಕುಳಿತ. ಮೂರನೆಯ ಚಹಾ ಅರ್ಧ ಕುಡಿದಿದ್ದಾಗ ಮಿಲ್ಲಿನಲ್ಲಿ ಊಟದ ಗಂಟೆ ಹೊಡೆಯಿತು. ಆಗ ನೆನಪಾಯಿತು. ಬೀದರಿನ ಅಂಗವಿಕಲರ ತರಬೇತಿ ಕೇಂದ್ರದಲ್ಲಿ ಮಾಯಾ ಆರು ವರ್ಷ ಹಸನು ಮಾಡಿದ್ದು ಅದೇ ಒಂದು ಕಿಲೋ ಬೇಳೆ. ಗಂಟೆ ಬಾರಿಸಿದೊಡನೆ ಆರಿಸಿದ ಹರಳನ್ನು ಮಕ್ಕಳೇ ತಿರುಗಿ ಬೇಳೆಗೆ ಸುರಿಯಬೇಕು. ಮರುದಿನಕ್ಕೆ ಕೆಲಸ ಬೇಕಲ್ಲ. ಒಮ್ಮೆ ಅದನ್ನು ನೋಡಿ ಅವನು ನಕ್ಕಿದ್ದ.

ಓಡಬಹುದಿತ್ತು. ಲೋಟ ಬರಿದು ಮಾಡಿ ಎದ್ದ.

ರಾಶಿಯ ಮೇಲೆ ಬಕೀಟು ಬೋರಲಾಗಿತ್ತು. ಮಾಯಾ ಬೇಳೆಯನ್ನೂ ಹರಳನ್ನೂ ಎರಡೂ ಕೈಯಿಂದ ಚೆನ್ನಾಗಿ ಬೆರೆಸುತ್ತಿದ್ದಳು. ಅಣ್ಣನನ್ನು ಕಂಡು ಮುಖ ಅರಳಿಸಿದಳು.

"ಬಾಜೂಕ ಇರ್ರಿ ಅಂದಿದ್ನಲ್ರಿ ಸರ," ಎಂದ ಹಾವಗೆಪ್ಪ. ದನಿ ಏರಿಸಲಿಲ್ಲ.

"ಒಂದು ಫೋನ್ ಬಂದಿತ್ರಿ..."

"ಕರಕೊಂಡು ಹೋಗ್ರಿ."

ಹೆಂಗಸರು ಬುತ್ತಿ ಬಿಚ್ಚಲಿಲ್ಲ. ಒಬ್ಬೊಬ್ಬರಾಗಿ ರಾಶಿಯಿಂದ ತಾಟು ತುಂಬಿಕೊಂಡು ಮತ್ತೆ ಮೊದಲಿನಿಂದ ಹರಳು ಆರಿಸಲು ಬಗ್ಗಿದರು. ಮಾಯಾಳೂ ತನ್ನ ಜಾಗಕ್ಕೆ ಹೋಗಿ ಲಂಗ ಒಪ್ಪ ಮಾಡಿಕೊಂಡು ಕುಳಿತಳು. ಖಾಲಿ ತಾಟನ್ನು ಎರಡೂ ಕೈಯಲ್ಲಿ ಮುಂದೆ ಹಿಡಿದಳು. ಬೇಳೆಯ ಧೂಳು ಮೆಲ್ಲಗೆ ಅದರೊಳಗೆ ಇಳಿಯುತ್ತಿತ್ತು.

"ನನಗೂ ಹಾಕ್ರಿ," ಎಂದಳು.