ನೀಲಿ ಗೆರೆಯ ಆಚೆ ಒಂದು ಬೂಟು

ಅದೇ ಬೂಟು, ನೀಲಿ ಗೆರೆಯ ಆಚೆ, ಎಡಗಾಲಿನದು, ಲೇಸಿನ ಜಾಗದಲ್ಲಿ ಹುಲ್ಲಿನ ಪಿಂಡಿ ಕಟ್ಟುವ ಕಿತ್ತಳೆ ಹುರಿ, ಸುತ್ತ ಕರಗಿದ ಹಿಮದ ನೀರು — ಬೆಳಿಗ್ಗೆಯೇ ಹೇಳಿದ್ದೆ, ವರ್ಲಿನ್, ಊರವರೆಲ್ಲ ಸೇರ್ತಾರೆ, ಒಂದು ಹೊಸ ಲೇಸ್ ಹಾಕ್ಕೊಳ್ಳೋ, ಕೇಳಿದರೆ ತಾನೆ, ನಲವತ್ತೊಂದು ವರ್ಷ ಸಂಸಾರ ಮಾಡಿದ ಗಂಡ ಈಗ ಶಾಲೆಯ ಬ್ಯಾಸ್ಕೆಟ್‌ಬಾಲ್ ಅಂಗಳದ ಆ ಮೂಲೆಯಲ್ಲಿ ವಿಟ್‌ಕಾಂಬ್ ಕಡೆಯವನಾಗಿ ಎದೆ ಸೆಟೆಸಿ ನಿಂತಿದ್ದಾನೆ, ನಾನು ಈ ಮೂಲೆಯಲ್ಲಿ ಲಾರ್ಕಿನ್ ಕಡೆಯವಳಾಗಿ, ಪಕ್ಷದ ಅಧ್ಯಕ್ಷೀಯ ಅಭ್ಯರ್ಥಿಯನ್ನು ಆರಿಸುವ ಅಯೊವಾದ ಈ ಸಭೆಯಲ್ಲಿ ಚೀಟಿಯಿಲ್ಲ, ಪೆಟ್ಟಿಗೆಯಿಲ್ಲ, ಯಾರ ಮೂಲೆಯಲ್ಲಿ ಕಾಲೂರಿದ್ದೀಯೋ ಅದೇ ಮತ, ಅಧ್ಯಕ್ಷರಾಗ ಹೊರಟವರ ಹಣೆಬರಹ ನಮ್ಮ ಒದ್ದೆ ಬೂಟುಗಳಲ್ಲಿದೆ, ನೆನೆದರೇ ನಗು ಬರುತ್ತದೆ — ಆದರೆ ಬಂದಿರುವ ಎಂಬತ್ತು ಜನರಲ್ಲಿ ಹನ್ನೆರಡು ಮಂದಿಯಾದರೂ ಇಲ್ಲದ ಗುಂಪು ಲೆಕ್ಕಕ್ಕಿಲ್ಲ, ಚದುರಿ ಬೇರೆ ಮೂಲೆ ಸೇರಬೇಕು, ನಾವು ಹನ್ನೊಂದು, ನನ್ನನ್ನೂ ಸೇರಿಸಿ ಹನ್ನೊಂದೇ, ಹದಿನೈದು ನಿಮಿಷ ಇದೆ, ಮಾತಾಡಿ ಯಾರನ್ನಾದ್ರೂ ಒಲಿಸ್ಕೊಳ್ಳಿ ಎಂದು ಸಭೆ ನಡೆಸುವ ಲೋವೆಲ್ ಗಡಿಯಾರ ಹಿಡಿದು ಕೂತಿದ್ದಾನೆ, ಒಲಿಸಬೇಕಾದವನು ಅಲ್ಲಿದ್ದಾನೆ, ಎರಡು ತಿಂಗಳಿಂದ ದಿನಾ ಬೆಳಿಗ್ಗೆ ಮೊಟ್ಟೆಯ ಜೊತೆಗೆ ಇದೇ ಜಗಳ, ಎಂಥ ಚಂದದ ಜಗಳ, ವಿಟ್‌ಕಾಂಬ್ ಎರಡು ಸಲ ಗವರ್ನರ್ ಆಗಿದ್ದ, ರಾಯಭಾರಿ ಆಗಿದ್ದ, ನಿನ್ನ ಲಾರ್ಕಿನ್ ಏನ್ ನೋಡಿದಾಳೆ ಅಂತ ಅವನು, ಇಪ್ಪತ್ತೆರಡು ವರ್ಷ ನರ್ಸಾಗಿ ರೋಗಿಗಳನ್ನ ನೋಡಿದಾಳೆ, ಆಮೇಲೆ ಒಂದು ಊರು ನಡೆಸಿದಾಳೆ, ನಿನ್ನವನಿಗೆ ಮೂವತ್ತು ವರ್ಷ ಕುರ್ಚೀಲಿ ಕೂತ ಅನುಭವ ಅಂತ ನಾನು, ಅದೂ ಸುಲಭ ಅಲ್ಲ ಕಣೇ, ಬೆನ್ನು ಹಿಡ್ಕೊಳ್ಳುತ್ತೆ, ಎಂದು ನಕ್ಕು ಅಂಗಿಯ ಮೇಲೆ ಮೊಟ್ಟೆ ಬೀಳಿಸಿಕೊಂಡಿದ್ದ, ಲಾರ್ಕಿನ್ ಯೋಜನೆಗಳ ಪುಸ್ತಕ ಅವನ ಟ್ರಾಕ್ಟರ್ ಸೀಟಿನ ಮೇಲಿಟ್ಟಿದ್ದೆ, ಓದಿದ್ಯಾ ಅಂದರೆ, ಇಲ್ಲ, ಮೇಲೆ ಕೂತೆ, ಮೆತ್ತಗಿದೆ ಅಂದ, ಪುಂಡ.

ಅವನು ಆಗಲೇ ಒಂದು ಸಲ ಗೆರೆ ದಾಟಿ ಬಂದಿದ್ದ, ಅದನ್ನು ನೆನೆದರೆ — ನನ್ನ ನಿಂಬೆ ಕೇಕಿನ ತಟ್ಟೆ ನಮ್ಮ ಮೂಲೆಯಲ್ಲಿತ್ತು, ಕೊನೆಯ ತುಂಡನ್ನು ಯಾರೂ ಪೂರ್ತಿ ಎತ್ತಿಕೊಳ್ಳರು, ಸಂಕೋಚ, ಅರ್ಧ, ಅರ್ಧದಲ್ಲಿ ಅರ್ಧ, ಅದರಲ್ಲೂ ಅರ್ಧ, ವರ್ಲಿನ್ ಬಂದು ಉಳಿದ ಚೂರಿಗೆ ಬಾಗಿದ್ದ, ಆಗಲೇ ಲೋವೆಲ್ ಎಣಿಸಿ ಹನ್ನೆರಡು ಎಂದು ಕೂಗಿಬಿಟ್ಟ, ನಮ್ಮವರೆಲ್ಲ ಹೋ ಎಂದರು, ಸುಮ್ಮನಿದ್ದರೆ ಗೆದ್ದಿದ್ದೆವು, ನನ್ನ ನಾಲಿಗೆಯೇ ಹೇಳಿತು, ಅವನು ನಮ್ಮವನಲ್ಲ ಲೋವೆಲ್, ಕೇಕಿಗೆ ಬಂದವನು, ಬಾಯಿ ತುಂಬಿದ ವರ್ಲಿನ್ ತಲೆಯಾಡಿಸಿ ವಾಪಸು ಹೋದ, ನಮ್ಮ ಮೂಲೆಯವರು ನನ್ನನ್ನು ನೋಡಿದ ನೋಟವೋ, ಆದರೂ ಕೇಕಿಗಾಗಿ ಬೇಡ, ಪಾಪ ಹೆಂಡತಿ ಎಂದೂ ಬೇಡ, ನನ್ನ ಮಾತು ಒಪ್ಪಿ ಬರಲಿ, ಒಂದೇ ಒಂದು ಸಲ — ಹುರಿಯ ಕಿತ್ತಳೆ ಇಲ್ಲಿಗೂ ಕಣ್ಣಿಗೆ ಹೊಡೆಯುತ್ತದೆ, ಆ ಜನವರಿ, ನಮ್ಮೂರಿನ ಹೆರಿಗೆ ವಾರ್ಡು ಮುಚ್ಚಿದ ವರ್ಷ, ಮಗಳು ಜೋಲೀನ್‌ಳನ್ನು ಅರವತ್ತು ಮೈಲಿ ದೂರದ ಆಸ್ಪತ್ರೆಗೆ ಕರೆದೊಯ್ಯುವ ದಾರಿಯಲ್ಲಿ ಪಿಕಪ್ ಗಾಡಿಯಲ್ಲೇ ಹೆರಿಗೆ, ಫೋನಿನಲ್ಲಿ ನರ್ಸು ಹೊಕ್ಕುಳಬಳ್ಳಿ ಕಟ್ಟಿ ಎಂದಾಗ ಅವನು ಬೂಟಿನ ಲೇಸ್ ಕಿತ್ತ, ಮಗು ಅತ್ತಾಗ ಅವನೂ ಅತ್ತ, ಅಂದಿನಿಂದ ಅಲ್ಲಿ ಹುರಿಯೇ — ಎರಡು ನಿಮಿಷ ಎನ್ನುತ್ತಾನೆ ಲೋವೆಲ್, ಬೂಟು ಅಲುಗಿತು, ನೀಲಿ ಗೆರೆಯ ಮೇಲೆ ನಿಂತಿತು, ತಟ್ಟೆ ಖಾಲಿ ವರ್ಲಿನ್, ಇಲ್ಲೇನಿಲ್ಲ, ಎಂದು ಕೂಗಿದೆ, ಗೊತ್ತು ಕಣೇ, ಅಂದ, ನಿನ್ನ ಪುಸ್ತಕದ ಹದಿನಾಲ್ಕನೇ ಪುಟ, ಮೂವತ್ತು ಮೈಲಿಗೊಂದು ಹೆರಿಗೆ ವಾರ್ಡು, ಓದ್ದೆ, ಎರಡು ಸಲ ಓದ್ದೆ, ಅನುಭವ ಅನುಭವ ಅಂತಿದ್ದೆನಲ್ಲ, ಆ ಗಾಡೀಲಿ ನಂಗಾಯ್ತಲ್ಲ ಅದೇ ಸಾಕು, ಇನ್ನೊಬ್ಬ ತಾತ ಲೇಸ್ ಕೀಳೋದು ಬೇಡ — ಹನ್ನೆರಡು, ಲೋವೆಲ್ ಕೂಗುತ್ತಿದ್ದಾನೆ, ಯಾರೋ ನನ್ನ ಬೆನ್ನು ತಟ್ಟುತ್ತಿದ್ದಾರೆ, ಇಷ್ಟು ಸಂತೋಷವನ್ನು ಎಲ್ಲಿಡಲಿ, ನನಗೆ ಕಾಣುವುದು ಅದೊಂದೇ, ಗೆರೆಯ ಈಚೆ, ನನ್ನ ಬೂಟಿನ ಪಕ್ಕ, ಒದ್ದೆಯಾದ ಕಿತ್ತಳೆ ಹುರಿ, ಕಿತ್ತಳೆ ಹುರಿ