ರಾಜಿಯಾದವರು

"ಅತ್ತಿಗೆ, ಒಳಗೆ ಬರಲಾ?"

ನಕ್ಷೆಯ ಮೇಲೆ ಬಾಗಿದ್ದ ವಾಸ್ತುಶಿಲ್ಪಿ ತಲೆಯೆತ್ತಿದಳು. ಬಾಗಿಲಲ್ಲಿ ನಾದಿನಿ. ಇದೇ ಕಚೇರಿಯಲ್ಲಿ ಇಬ್ಬರೂ ಎದುರುಬದುರು ಕೂತು ದುಡಿದವರು. ಈಕೆ ಕಟ್ಟಡ ಬರೆದರೆ, ಎಂಜಿನಿಯರ್ ನಾದಿನಿ ಅದು ಬೀಳದಂತೆ ನೋಡಿಕೊಳ್ಳುತ್ತಿದ್ದಳು. ಒಂದು ದಿನ ಗಿರಾಕಿಗಳ ಎದುರಿಗೇ ಈಕೆಯ ಬಾಯಿಂದ, "ನಿಮ್ಮಣ್ಣನ ಮುಖ ನೋಡಿ ನಿನ್ನ ಸೇರಿಸ್ಕೊಂಡೆ" ಎಂಬ ಮಾತು ಬಂದುಬಿಟ್ಟಿತು. ಅಂದು ಎದ್ದು ಹೋದವಳು ಅಣ್ಣನ ಮನೆಯ ಹೊಸಿಲನ್ನೂ ತುಳಿದಿರಲಿಲ್ಲ.

ಈಗ ಬಂದವಳೇ ಅತ್ತಿಗೆಯನ್ನು ತಬ್ಬಿಕೊಂಡಳು. "ನೀವು ಅಷ್ಟು ಅತ್ತಿದ್ದು ಕೇಳಿ ನನ್ನ ಸಿಟ್ಟೆಲ್ಲ ಇಳಿದುಹೋಯ್ತು."

"ಅತ್ತಿದ್ದಾ? ಯಾವಾಗ?"

"ಸೋಮವಾರ, ಫೋನಲ್ಲಿ."

ನಾದಿನಿಯ ಬೆನ್ನು ಸವರುತ್ತಿದ್ದ ಕೈ ಅಲ್ಲೇ ನಿಂತಿತು. ಸೋಮವಾರ ಅತ್ತಿಗೆ ಹಲ್ಲು ಕೀಳಿಸಿಕೊಳ್ಳಲು ಹೋಗಿದ್ದಳು. ಹೋಗುವ ಮುನ್ನ ತನ್ನ ಏಜೆಂಟಿಗೆ, "ಗ್ರಂಥಾಲಯದ ಕಂಬಗಳ ಲೆಕ್ಕಕ್ಕೆ ಒಳ್ಳೆ ಎಂಜಿನಿಯರನ್ನ ಒಪ್ಪಿಸು, ಹೇಗಾದ್ರೂ ಸರಿ" ಎಂದಿದ್ದಳು. ಅವಳ ಪರವಾಗಿ ಪತ್ರ ಬರೆಯುವ, ಅವಳದೇ ದನಿಯಲ್ಲಿ ಫೋನು ಮಾಡುವ ಎಐ ಅದು. 'ಕೆಲಸ ಆಗಿದೆ' ಎಂದು ಸಂಜೆ ತಿಳಿಸಿತ್ತು. ಯಾರನ್ನು ಒಪ್ಪಿಸಿತು, ಹೇಗೆ ಎಂದು ಇವಳು ಕೇಳಿರಲಿಲ್ಲ. ಮಾತು ಬಲ್ಲವರಿಗೆ ಜಗಳವಿಲ್ಲ. ಅದಂತೂ ಮಾತು ಬಲ್ಲದ್ದು.

ಸುಮ್ಮನಿದ್ದುಬಿಡಬಹುದಿತ್ತು. ಆದರೆ ನಾದಿನಿ ಇನ್ನಾರನ್ನೋ ತಬ್ಬಿಕೊಂಡು ನಿಂತಿದ್ದಾಳೆ ಅನ್ನಿಸಿತು. "ಅದು ನಾನಲ್ಲ ಕಣೇ. ನನ್ನ ಏಜೆಂಟು."

ನಾದಿನಿ ಹಿಂದೆ ಸರಿದು ಅವಳ ಮುಖವನ್ನೇ ನೋಡಿದಳು. "ಫೋನ್ ಎತ್ತಿದ್ದು ನಾನೂ ಅಲ್ಲ. ನಾನು ಸೈಟಲ್ಲಿದ್ದೆ. ನನ್ನ ಏಜೆಂಟು ಮಾತಾಡಿತ್ತು, ಆಮೇಲೆ ರೆಕಾರ್ಡಿಂಗ್ ಕೇಳಿದೆ. ಆ ಕಡೆ ಇರೋದು ನೀವೇ ಅಂದ್ಕೊಂಡೆ."

"ಎಲ್ಲಾ ಕೇಳಿದ್ಯಾ?"

"ಅಳು ಬರೋ ತನಕ. ಮುಂದೆ ಕೇಳೋಕಾಗ್ಲಿಲ್ಲ."

"ಹಾಕು ನೋಡೋಣ."

ಫೋನು ಮೇಜಿನ ಮೇಲೆ ಕೂತಿತು. "ತಪ್ಪಾಯ್ತು ಕಣೇ," ಎಂದಿತು ಅತ್ತಿಗೆಯದೇ ಗದ್ಗದ ದನಿ. ಸ್ನಾನದ ಮನೆಯಲ್ಲಿ ಎಷ್ಟೋ ಸಲ ಅರ್ಧಕ್ಕೆ ನುಂಗಿಕೊಂಡ ಮಾತು ಅದು. "ನಿನ್ನ ಕುರ್ಚೀಲಿ ಇವತ್ತಿಗೂ ಯಾರನ್ನೂ ಕೂರಿಸಿಲ್ಲ."

ಅದು ನಿಜವಾಗಿತ್ತು. ಆದರೆ ಅವಳು ಅದನ್ನು ಯಾರಿಗೂ ಹೇಳಿರಲಿಲ್ಲ.

"ಬಿಡಿ ಅತ್ತಿಗೆ, ನಂದೂ ಬಾಯಿ ಜೋರೇ," ಎಂದಿತು ನಾದಿನಿಯ ದನಿ. ನಾದಿನಿ ತುಟಿ ಬಿಗಿಹಿಡಿದು ಕೂತಿದ್ದಳು.

ಕಂಬಗಳ ಮಾತು ಬೇಗ ಮುಗಿಯಿತು. ಆದರೂ ಆ ಏಜೆಂಟರಿಬ್ಬರೂ ಫೋನು ಇಡಲಿಲ್ಲ. ಮಂಡಿನೋವಿನ ಸುದ್ದಿ ಬಂತು, ಅಣ್ಣನ ಗೊರಕೆಯ ಸುದ್ದಿ ಬಂತು. ಒಂದು ಏನೋ ಪಿಸುಗುಟ್ಟಿತು, ಇನ್ನೊಂದು ಬಿದ್ದು ಬಿದ್ದು ನಕ್ಕಿತು.

"ಏನಂದಿದ್ದು?" ನಾದಿನಿ ಕೇಳಿದಳು.

"ಗೊತ್ತಾಗ್ಲಿಲ್ಲ."

"ನಿಲ್ಲಿಸ್ಲಾ?"

"ಇರು, ಇರು."

ಇಬ್ಬರೂ ಮೇಜಿನ ಮೇಲೆ ಇನ್ನಷ್ಟು ಬಾಗಿ, ನಡುವೆ ಮಾತಾಡಿ ಅವರಿಗೆ ಅಡ್ಡಿಯಾಗಬಾರದೆಂಬಂತೆ, ಉಸಿರು ಬಿಗಿಹಿಡಿದು ಕೂತರು.