ಕ್ಯಾನಣ್ಣನ ಹೆಡ್‌ಲೈಟ್ ಮತ್ತು ಚರಂಡಿಯ ತಿರುವು

ಬಡಾವಣೆಯಿಂದ ಪೇಟೆಗೆ ಹೋಗುವ ದಾರಿಯಲ್ಲಿ ಕಂಬಗಳಿವೆ. ಕಂಬಗಳಲ್ಲಿ ದೀಪಗಳೂ ಇವೆ. ಉರಿಯುವುದಿಲ್ಲ, ಅಷ್ಟೆ. ದಾರಿಯ ಒಂದು ಪಕ್ಕಕ್ಕೆ ಗೋದಾಮಿನ ಉದ್ದನೆಯ ಗೋಡೆ, ಇನ್ನೊಂದು ಪಕ್ಕಕ್ಕೆ ಮುಚ್ಚಳವಿಲ್ಲದ ಚರಂಡಿ. ಹೊತ್ತು ಮುಳುಗಿದ ಮೇಲೆ ಅಲ್ಲಿ ಓಡಾಡುವವರು ತಮ್ಮ ಬೆಳಕನ್ನು ತಾವೇ ತರಬೇಕು. ತರಲಾರದವರು ತಡಕಾಡಬೇಕು.

ಮೋಟರ್‌ಸೈಕಲ್ ಮೇಲೆ ಅಂಗಡಿಗಳಿಗೆ ಕುಡಿಯುವ ನೀರಿನ ಕ್ಯಾನ್ ಹಾಕುವವನೊಬ್ಬ ದಿನವೂ ಸಂಜೆ ಆ ದಾರಿಯಲ್ಲಿ ಪೇಟೆಗೆ ಹೋಗುತ್ತಾನೆ. ಎಲ್ಲರೂ ಅವನನ್ನು ಕ್ಯಾನಣ್ಣ ಎನ್ನುತ್ತಾರೆ. ಅವನ ಗಾಡಿಯ ಹೆಡ್‌ಲೈಟ್ ಎಷ್ಟು ಮಂಕಾಗಿತ್ತೆಂದರೆ, ಗುಂಡಿ ಇದೆ ಎಂಬುದು ಗುಂಡಿಗೆ ಇಳಿದ ಮೇಲೆಯೇ ತಿಳಿಯುತ್ತಿತ್ತು. ಪೇಟೆಯಲ್ಲಿ ಒಂದು ದಿನ ಎಲ್‌ಇಡಿ ಬಲ್ಬಿನ ಡಬ್ಬಿ ಕಣ್ಣಿಗೆ ಬಿತ್ತು. ಡಬ್ಬಿಯ ಮೇಲೆ ‘ಇನ್ನು ರಸ್ತೆಯೆಲ್ಲ ನಿಮ್ಮದೇ’ ಎಂದು ದಪ್ಪಕ್ಷರದಲ್ಲಿ ಬರೆದಿತ್ತು. ದಾರಿಗೆ ದೀಪ ಹಾಕದವರ ಊರಿನಲ್ಲಿ ಇಂಥ ಮಾತಿಗೆ ಯಾರಾದರೂ ಮರುಳಾಗುತ್ತಾರೆ.

ಪಕ್ಕದ ಮನೆಯ ಮೆಕ್ಯಾನಿಕ್ ಹಳೆ ಬಲ್ಬ್ ಕಿತ್ತು ಅದೇ ಜಾಗಕ್ಕೆ ಹೊಸದನ್ನು ಕೂರಿಸಿದ. ಗಾಡಿಯನ್ನು ಸ್ಟ್ಯಾಂಡ್ ಮೇಲೆ ನಿಲ್ಲಿಸಿ, ಎದುರಿನ ಗೋಡೆಯ ಮೇಲೆ ಸೀಮೆಸುಣ್ಣದ ಗೆರೆ ಎಳೆದು, ಬೆಳಕು ಆ ಗೆರೆಯ ಮೇಲೆ ಹೋಗದಂತೆ ಹೆಡ್‌ಲೈಟನ್ನು ತಗ್ಗಿಸಿ ಕೊಟ್ಟ. ಕ್ಯಾನಣ್ಣನಿಗೆ ರಸ್ತೆಯಲ್ಲಿ ಬಿದ್ದ ಗುಂಡುಸೂಜಿಯೂ ಕಾಣುವಂತಾಯಿತು. ಸಿಕ್ಕವರಿಗೆಲ್ಲ ಹೇಳಿಕೊಂಡು ತಿರುಗಿದ.

ಅವನ ಹೆಂಡತಿ ಪೇಟೆಯ ಲಾಂಡ್ರಿಯಲ್ಲಿ ಇಸ್ತ್ರಿ ಮಾಡುತ್ತಾಳೆ. ಸಂಜೆ ಕೆಲಸ ಮುಗಿದ ಮೇಲೆ ಅಲ್ಲಿಯ ಹೆಂಗಸರೆಲ್ಲ ಒಂದೇ ಥರದ ನೀಲಿ ಕೋಟಿನಲ್ಲಿ, ಒಬ್ಬೊಬ್ಬರಾಗಿ ಸೈಕಲ್ ಹತ್ತಿ ಇದೇ ದಾರಿಯಲ್ಲಿ ಮನೆಗೆ ಬರುತ್ತಾರೆ. ಒಂದು ಸಂಜೆ ಅವಳು ಸೈಕಲ್ ತಳ್ಳಿಕೊಂಡು ಬಂದಳು. ಮೊಣಕೈ ತರಚಿತ್ತು, ಕೋಟಿನ ಅಂಚಿನಿಂದ ಚರಂಡಿ ನೀರು ತೊಟ್ಟಿಕ್ಕುತ್ತಿತ್ತು. ಕೆಲವು ದಿನಗಳಿಂದ ಯಾವನೋ ಒಬ್ಬ ತಿರುವಿನಲ್ಲಿ ಕಣ್ಣು ಕುಕ್ಕುವ ಲೈಟ್ ಬಿಟ್ಟುಕೊಂಡು ಬರುತ್ತಾನಂತೆ. ದಿನವೂ ಸೈಕಲ್ಲಿಂದ ಇಳಿದು, ಚೀಲವನ್ನು ಮುಖಕ್ಕೆ ಅಡ್ಡ ಹಿಡಿದು ನಿಲ್ಲುತ್ತಿದ್ದಳಂತೆ. ಇವತ್ತು ಇಳಿಯುವಷ್ಟರಲ್ಲಿ ಚಕ್ರ ಚರಂಡಿಗೆ ಜಾರಿತು.

“ಕಣ್ಣಿಗೆ ಬೆಂಕಿ ಇಟ್ಟಿದ್ದು ಸಾಲದು ಅಂತ, ಎರಡು ಸಲ ಹಾರ್ನ್ ಬೇರೆ ಹೊಡೆದು ಹೋಗ್ತಾನೆ ರೀ. ನಾಳೆಯಿಂದ ನಾನು ಕೆಲಸಕ್ಕೆ ಹೋಗಲ್ಲ.”

ಬೇರೆ ದಾರಿ ಇರಲಿಲ್ಲ. ಕೆಲಸ ಬಿಡುವುದೊಂದೇ ಉಳಿದಿತ್ತು. ಅವಳು ಬಂದ ಸ್ವಲ್ಪ ಹೊತ್ತಿಗೆ ಖಾಲಿ ಗಾಡಿಯಲ್ಲಿ ಮನೆ ಸೇರಿದ್ದ ಕ್ಯಾನಣ್ಣ ಇದನ್ನೆಲ್ಲ ಕೇಳಿ, ಅಂಥವನ ಲೈಟನ್ನು ಕಲ್ಲಲ್ಲಿ ಒಡೆಯಬೇಕು ಎಂದು ಹಾರಾಡಿದ.

ಅವನ ತಂಗಿ ಕನ್ನಡಕದ ಅಂಗಡಿಯಲ್ಲಿ ಗಾಜು ಕೂರಿಸುವವಳು. ಅತ್ತಿಗೆಯ ಮೊಣಕೈಗೆ ಔಷಧ ಹಚ್ಚುತ್ತಾ, ಆ ಬೆಳಕು ಹಳದಿಯೋ ಬಿಳಿಯೋ ಎಂದು ಕೇಳಿದಳು. ಬಿಳಿ. ಅಣ್ಣನ ಕಡೆ ತಿರುಗಿದಳು.

“ಅಣ್ಣ, ನಿನ್ನದೂ ಬಿಳೀನೇ ಅಲ್ವಾ?”

ಕ್ಯಾನಣ್ಣನಿಗೆ ಮೈಯೆಲ್ಲ ಉರಿಯಿತು. ಬಿಳಿ ಬಲ್ಬ್ ಊರಲ್ಲಿ ತನ್ನೊಬ್ಬನದೇನಾ, ತನ್ನದು ಗೆರೆ ಎಳೆದು ಕೂರಿಸಿದ್ದು ಎಂದ. ಗಾಡಿಯನ್ನು ಸ್ಟ್ಯಾಂಡ್ ಹಾಕಿ ಲೈಟ್ ಹೊತ್ತಿಸಿದ. ಬೆಳಕು ಬಹುಮಟ್ಟಿಗೆ ಗೆರೆಯ ಕೆಳಗೇ ಇತ್ತು. ತಂಗಿ ಗೋಡೆಯ ಹತ್ತಿರ ಹೋಗಿ ನೋಡಿದಳು. ಗೆರೆಯ ಮೇಲೂ ಬೆಳಕು ಚೂರುಚೂರಾಗಿ ಚೆಲ್ಲಿತ್ತು. ದೀಪದ ಹಿಂದಿನ ಬಟ್ಟಲಿನಂಥ ಕನ್ನಡಿ ಹಳೆ ಬಲ್ಬಿನ ತಂತಿಗೆ ಅಂತ ಮಾಡಿದ್ದು, ಇದರ ಬೆಳಕು ಬೇರೆ ಜಾಗದಿಂದ ಹೊರಡುತ್ತದೆ, ಒಬ್ಬರ ಕನ್ನಡಕ ಇನ್ನೊಬ್ಬರಿಗೆ ಹಾಕಿದ ಹಾಗೆ ಎಂದಳು. ಅಷ್ಟು ಚೆಲ್ಲಿದರೆ ಏನಂತೆ ಎಂದು ಅವನು ನಕ್ಕ.

ಹೆಂಡತಿ ಮಾತ್ರ ಗಾಡಿಯನ್ನೇ ನೋಡುತ್ತಿದ್ದಳು.

“ರೀ, ನೀವು ಗಾಡೀನ ಸ್ಟ್ಯಾಂಡ್ ಮೇಲೆ ಓಡಿಸ್ತೀರಾ? ಕ್ಯಾನ್ ಹೇರ್ಕೊಂಡಲ್ವಾ ಹೋಗೋದು?”

ಅದು ಮೆಕ್ಯಾನಿಕ್‌ಗೂ ಹೊಳೆದಿರಲಿಲ್ಲ. ಸ್ಟ್ಯಾಂಡ್ ತೆಗೆದು ಕ್ಯಾನಣ್ಣ ಗಾಡಿ ಮೇಲೆ ಕೂತ. ಹೆಂಗಸರಿಬ್ಬರೂ ನಾಳೆಗೆಂದು ತುಂಬಿಟ್ಟಿದ್ದ ಕ್ಯಾನ್‌ಗಳನ್ನು ಒಂದೊಂದಾಗಿ ಹಿಂದಿನ ಕಂಬಿಗೆ ಏರಿಸಿದರು. ಗಾಡಿಯ ಹಿಂಭಾಗ ಕುಸಿಯಿತು, ಮೂತಿ ಮೇಲೆದ್ದಿತು. ಗೋಡೆಯ ಬೆಳಕು ಸೀಮೆಸುಣ್ಣದ ಗೆರೆ ದಾಟಿ, ಕಿಟಕಿಯ ತಳ ಮುಟ್ಟಿ, ಕೊನೆಯ ಕ್ಯಾನ್‌ಗೆ ಕಿಟಕಿಯೊಳಗೇ ನುಗ್ಗಿತು. ಮೂವರೂ ಬಾಯಿ ಬಿಟ್ಟುಕೊಂಡು ನೋಡಿದರು.

“ಈಗ ನಾನು ಕೂರ್ತೀನಿ. ನೀವು ಸೈಕಲ್ ತಗೊಂಡು ರಸ್ತೆ ಆ ತುದಿಗೆ ಹೋಗಿ,” ಎಂದಳು ಹೆಂಡತಿ. ಗಾಡಿಯ ಮೂತಿಯನ್ನು ರಸ್ತೆಯ ಕಡೆ ತಿರುಗಿಸಿದರು. ಅದು ವಾಲದಂತೆ ನಾದಿನಿ ಹಿಂದಿನಿಂದ ಹಿಡಿದುಕೊಂಡಳು.

ಕ್ಯಾನಣ್ಣ ಸೈಕಲ್ ತುಳಿಯುತ್ತ ಎದುರಿಗೆ ಬಂದ. ಇಷ್ಟು ದಿನ ಆ ದೀಪದ ಹಿಂದೆ ಕೂತಿದ್ದವನು, ಮೊದಲ ಸಲ ಅದರ ಮುಂದೆ ಬಂದಿದ್ದ. ರಸ್ತೆ ಇರಲಿಲ್ಲ, ಮನೆ ಇರಲಿಲ್ಲ, ತನ್ನ ಕಾಲು ಎಲ್ಲಿದೆ ಎಂದೂ ಕಾಣಲಿಲ್ಲ. ಇಳಿದು, ಮುಖಕ್ಕೆ ಕೈ ಅಡ್ಡ ಹಿಡಿದು ನಿಂತ. ನಿಂತವನು ಹಾಗೇ ನಿಂತುಬಿಟ್ಟ. ಆ ನಿಲುವು ಅವನು ದಿನವೂ ಕಂಡದ್ದೇ.

ಹೆಂಡತಿ ಲೈಟ್ ಆರಿಸಿದ ಮೇಲೆ ಹತ್ತಿರ ಬಂದು ಮೆಲ್ಲಗೆ ಹೇಳಿದ.

“ತಿರುವಲ್ಲಿ ಲಾಂಡ್ರಿಯವರು ಯಾರೋ ದಿನಾ ಚೀಲ ಅಡ್ಡ ಹಿಡ್ಕೊಂಡು ನಿಂತಿರ್ತಾರೆ. ನನಗೆ ದಾರಿ ಬಿಡ್ತಾರೆ, ಪಾಪ ಒಳ್ಳೆಯವರು ಅಂತ... ನಾನು ಎರಡು ಸಲ ಹಾರ್ನ್ ಹೊಡೆದು ಥ್ಯಾಂಕ್ಸ್ ಹೇಳಿ ಹೋಗ್ತಿದ್ದೆ ಕಣೆ.”

ಅವಳು ಗಾಡಿಯಿಂದ ಇಳಿದಳು. ಆಮೇಲೆ, “ಥ್ಯಾಂಕ್ಸ್ ಮುಟ್ಟಿತು,” ಎಂದು ಮೊಣಕೈ ತೋರಿಸಿದಳು.

ಮರುದಿನ ಬೆಳಿಗ್ಗೆ ಮೆಕ್ಯಾನಿಕ್ ಹಳೆ ಬಲ್ಬನ್ನೇ ವಾಪಸ್ ಹಾಕಿದ. ಹೆಡ್‌ಲೈಟಿನ ಗಾಜು ಬಿಚ್ಚಿದಾಗ ಒಳಗೆ ವರ್ಷಗಳ ಧೂಳು ಕೂತಿತ್ತು. ಒರೆಸಿ, ತುಕ್ಕು ಹಿಡಿದ ವೈರಿನ ತುದಿ ಉಜ್ಜಿ, ಕ್ಯಾನ್ ಹೇರಿ, ಕ್ಯಾನಣ್ಣನನ್ನು ಮೇಲೆ ಕೂರಿಸಿ ಗೆರೆಗೆ ಹೊಂದಿಸಿದ. ಸಂಜೆ ಗುಂಡಿಗಳು ಕಂಡವು. ಗುಂಡುಸೂಜಿ ಕಾಣಲಿಲ್ಲ, ಅದು ಯಾರಿಗೂ ಬೇಕಿರಲಿಲ್ಲ. ತಿರುವಿನಲ್ಲಿ ನೀಲಿ ಕೋಟಿನವಳು ಇಳಿಯದೆ, ಸೈಕಲ್ ತುಳಿದುಕೊಂಡೇ ಅವನನ್ನು ದಾಟಿ ಹೋದಳು. ದಾಟುವಾಗ ಎರಡು ಸಲ ಬೆಲ್ ಹೊಡೆದಳು.

ಆ ವಾರವೇ ಲಾಂಡ್ರಿಯ ಹೆಂಗಸರೂ ಕ್ಯಾನಣ್ಣನೂ ಒಟ್ಟಾಗಿ ಹೋಗಿ ಬೀದಿದೀಪದ ಕಚೇರಿಯ ಬಾಗಿಲಲ್ಲಿ ಕೂತರು. ಕಂಬಕ್ಕೆ ದೀಪ ಬರುವ ತನಕ ಮತ್ತೆ ಮತ್ತೆ ಕೂರುತ್ತಾರೆ.

ಗಾಡಿ ಇರುವ ಅಣ್ಣಂದಿರೇ, ಅಕ್ಕಂದಿರೇ, ನಿಮ್ಮ ದೀಪವನ್ನು ಎದುರಿನಿಂದ ಯಾವತ್ತಾದರೂ ನೋಡಿದ್ದೀರಾ? ಇವತ್ತೇ ಮನೆಯವರನ್ನು ಗಾಡಿ ಮೇಲೆ ಕೂರಿಸಿ, ದಿನವೂ ಹೊರುವ ಭಾರ ಹೇರಿ, ನೀವು ಮುಂದೆ ಹೋಗಿ ನಿಲ್ಲಿ. ಬೆಳಕು ಸಾಲದಿದ್ದರೆ ಮೊದಲು ಗಾಜು ಒರೆಸಿ, ವೈರ್ ನೋಡಿಸಿ. ಎಲ್‌ಇಡಿ ಬೇಕೇ ಬೇಕೆಂದರೆ ಹಳೆ ಬಟ್ಟಲಿಗೆ ಹೊಸ ಬಲ್ಬ್ ತುರುಕಬೇಡಿ. ನಿಮ್ಮ ಗಾಡಿಗೆ ಕಾನೂನು ಒಪ್ಪುವ ಪೂರ್ತಿ ದೀಪವನ್ನೇ ಹಾಕಿಸಿ. ಎದುರಿಗೆ ಯಾರಾದರೂ ಬಂದರೆ, ಅದು ಬರಿಗಾಲಿನಲ್ಲಿ ನಡೆಯುವವರಾದರೂ ಸರಿ, ಡಿಮ್ ಮಾಡಿ. ರಸ್ತೆಯೆಲ್ಲ ನಿಮ್ಮದೇ ಎಂದು ಡಬ್ಬಿ ಮಾರುವವನು ಹೇಳಲಿ. ಆ ರಸ್ತೆಯಲ್ಲಿ ಚೀಲ ಅಡ್ಡ ಹಿಡಿದು ನಿಂತವರು ಯಾರ ಮನೆಯವರು ಎಂದು ನೀವು ಕೇಳಿಕೊಳ್ಳಿ.